ಟೀವಿಯಿಂದ ಬಿಡಿಸಿಕೊಂಡ ಆಟ

ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದ ಕಾಲ ಅದು. ಸುರಪುರದಲ್ಲಿ ನಾವು ಹುಡುಗರು ಟೀವಿಗೆ ವಿಡಿಯೋ ಗೇಮ್ ಜೋಡಿಸಿ, ಕ್ಯಾಸೆಟ್ ಊದಿ ಊದಿ ಹಾಕಿ ಮಾರಿಯೋ ಆಡ್ತಿದ್ವಿ. ‘ಸುದ್ದಿ ಹಚ್ಚಲೇ’ ಅಂತ ಅಪ್ಪ ಬಂದರೆ ಆಟ ಬಂದ್. ಕರೆಂಟ್ ಹೋದರಂತೂ ಮತ್ತೆ ಮೊದಲಿಂದ. (ಈಗ ಸುದ್ದಿ ಓದಿ ನಾನೆಷ್ಟು ಮಕ್ಕಳ ಆಟ ಕೆಡಿಸ್ತಿದ್ದೀನೋ!)

ನಮ್ಮದು ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲು. ಅದನ್ನ ಹೊಲಕ್ಕೆ ಒಯ್ಯೋ ಹಾಗಿದ್ದರೆ? ಕಂಪನಿಗಳಿಗೂ ಅದೇ ಆಸೆ. 1989ರ ಗೇಮ್‌ಬಾಯ್ ಕೈಯಲ್ಲಿ ಹಿಡಿಯೋದೇ, ಆದರೆ ಮನೆಯ ಯಂತ್ರದ ಕ್ಯಾಸೆಟ್ ಅದಕ್ಕೆ ಹೊಂದುತ್ತಿರಲಿಲ್ಲ. 1995ರಲ್ಲಿ ಸೆಗಾ ಅಮೆರಿಕದಲ್ಲಿ ತಂದ ನೋಮ್ಯಾಡ್, ಮನೆಯ ಜೆನೆಸಿಸ್ ಕ್ಯಾಸೆಟ್ಟನ್ನೇ ಆಡಿಸಿತು. ಆರು ಪೆನ್ಸಿಲ್ ಸೆಲ್ ಬೇಕು. ಎರಡು-ಮೂರು ಗಂಟೆಗೆ ಖಲಾಸ್!

ಇಂಜಿನಿಯರಿಂಗ್ ಓದುವಾಗ ಕಾರಣ ತಿಳೀತು ವೀಕ್ಷಕರೇ. ಚಿಪ್ ಕುಗ್ಗಿಸಬಹುದು, ಹಸಿವೆಲ್ಲ ಪರದೆಯದು. ಬಣ್ಣದ ಪರದೆಯ ಹಿಂದೆ ಪುಟ್ಟ ಟ್ಯೂಬ್‌ಲೈಟ್ ಉರೀಬೇಕು. ಗೇಮ್‌ಬಾಯ್‌ಗೆ ಬಣ್ಣವೂ ಇಲ್ಲ, ಬೆಳಕೂ ಇಲ್ಲ; ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆ ದಾಟುತ್ತಿತ್ತು.

2000ದಲ್ಲಿ ಅಮೆರಿಕದ ಬೆನ್ ಹೆಕೆನ್‌ಡಾರ್ನ್, 1977ರ ಅಟಾರಿ 2600 ಬಿಚ್ಚಿ, ಚಿಕ್ಕ ಪರದೆ, ಬ್ಯಾಟರಿ ಕೂಡಿಸಿ ಕೈಯಲ್ಲಿ ಹಿಡಿಯೋ ಹಾಗೆ ಮಾಡಿದರು. ಕಂಪನಿಯಲ್ಲ, ಒಬ್ಬ ಮನುಷ್ಯ! ಲಿಥಿಯಂ ಬ್ಯಾಟರಿ, ಎಲ್‌ಇಡಿ ಬೆಳಕು ಬಂದ ಮೇಲೆ ಹಾದಿ ಸಲೀಸಾಯ್ತು. 2017ರ ನಿಂಟೆಂಡೊ ಸ್ವಿಚ್ ಟೀವಿಗೂ ಜೋಡಿಸಬಹುದು, ಕಿತ್ತು ಕೈಯಲ್ಲೂ ಆಡಬಹುದು. ಅಪ್ಪ ಸುದ್ದಿ ಹಚ್ಚಿದರೂ ಮಾರಿಯೋ ಓಡ್ತಾನೇ ಇರ್ತಾನೆ.