ಕೇಬಲ್ ಜಾಲದ ಅಪ್‌ಸ್ಟ್ರೀಮ್: ಆಪ್ಟಿಕಲ್ ನೋಡ್ ಬೆಳೆದು ಬಂದ ಬಗೆ

ಕೇಬಲ್ ಜಾಲದಲ್ಲಿ ಫೈಬರ್ ಮುಗಿದು ಕೋಆಕ್ಸಿಯಲ್ ತಂತಿ ಶುರುವಾಗುವ ಕಡೆ ಇರುವ ಪೆಟ್ಟಿಗೆಯೇ ಆಪ್ಟಿಕಲ್ ನೋಡ್. ಸೇವಾ ಸಂಸ್ಥೆಯ ಕೇಂದ್ರವಾದ ಹೆಡ್‌ಎಂಡ್‌ನಿಂದ ಬೆಳಕಾಗಿ ಬಂದ ಸಂಕೇತವನ್ನು ಅದು ರೇಡಿಯೊ ಆವರ್ತನದ ಸಂಕೇತವಾಗಿಸಿ ಮನೆಗಳಿಗೆ ಹಂಚುತ್ತದೆ. ಮನೆಗಳ ಮೋಡೆಮ್‌ಗಳು ಕಳಿಸಿದ್ದನ್ನು ಮತ್ತೆ ಲೇಸರ್ ಬೆಳಕಾಗಿಸಿ ಹೆಡ್‌ಎಂಡ್‌ಗೆ ಮುಟ್ಟಿಸುತ್ತದೆ. ಈ ಮರುದಾರಿಗೆ ಅಪ್‌ಸ್ಟ್ರೀಮ್ ಎಂದು ಹೆಸರು.

ಅಮೆರಿಕದಲ್ಲಿ 1940ರ ದಶಕದ ಕೊನೆಗೆ ಹುಟ್ಟಿದ ಕೇಬಲ್ ಟಿವಿ ಒಮ್ಮುಖ ಪ್ರಸಾರಕ್ಕಾಗಿ ಕಟ್ಟಿದ ಜಾಲ. ಅಲ್ಲಿ ಟಿವಿ ಚಾನೆಲ್‌ಗಳು 54 ಮೆಗಾಹರ್ಟ್ಸ್‌ನಿಂದ ಆರಂಭವಾಗುತ್ತಿದ್ದುದರಿಂದ, ಮರುದಾರಿಗೆ ಉಳಿದದ್ದು ಅದರ ಕೆಳಗಿನ 5ರಿಂದ 42 ಮೆಗಾಹರ್ಟ್ಸ್ ಮಾತ್ರ. ಯುರೋಪಿನಲ್ಲಿ ಈ ಮಿತಿ 65ರವರೆಗೆ ಇತ್ತು. 1990ರ ದಶಕದಲ್ಲಿ ಫೈಬರ್ ಮತ್ತು ಕೋಆಕ್ಸಿಯಲ್ ಬೆರೆತ ಜಾಲಗಳು ಹರಡಿದವು. 1997ರಲ್ಲಿ ಕೇಬಲ್‌ಲ್ಯಾಬ್ಸ್ ಸಂಸ್ಥೆಯ ಡಾಕ್ಸಿಸ್ 1.0 ಮಾನದಂಡ ಬಂದಾಗ ಆ ಕಿರಿದಾದ ಆವರ್ತನ ಪಟ್ಟಿಯೇ ಇಂಟರ್‌ನೆಟ್ಟಿನ ಮರುದಾರಿಯೂ ಆಯಿತು.

ಪಟ್ಟಿ ಕಿರಿದು ಮಾತ್ರವಲ್ಲ, ಗದ್ದಲದ್ದೂ ಹೌದು. ಶಾರ್ಟ್‌ವೇವ್ ರೇಡಿಯೊ, ಮನೆಯ ಮೋಟಾರುಗಳು, ಸಡಿಲವಾದ ಕನೆಕ್ಟರುಗಳು ಇದೇ ಆವರ್ತನಗಳಲ್ಲಿ ಗದ್ದಲ ತುಂಬುತ್ತವೆ. ಹಳ್ಳಗಳೆಲ್ಲ ಸೇರಿ ಹೊಳೆಯಾಗುವಂತೆ, ಒಂದೊಂದು ಮನೆಯ ಗದ್ದಲವೂ ನೋಡ್‌ನಲ್ಲಿ ಒಟ್ಟುಗೂಡುತ್ತದೆ. ಆದ್ದರಿಂದ ಮೊದಲ ಪರಿಹಾರ ನೋಡ್‌ನ ವಿಭಜನೆ. ನೋಡ್‌ಗೆ ಬಂದು ಸೇರುವ ನೂರಾರು ಮನೆಗಳ ನಾಲ್ಕು ಕವಲುಗಳನ್ನು ಒಂದೇ ಲೇಸರಿಗೆ ಸೇರಿಸುವ ಬದಲು, ಪ್ರತಿ ಕವಲಿಗೂ ಪ್ರತ್ಯೇಕ ದಾರಿ ಕೊಡಲಾಯಿತು. ಹೀಗೆ ಮಾಡಿದರೆ ಪ್ರತಿ ಮನೆಯ ಪಾಲಿನ ಸಾಮರ್ಥ್ಯ ಹೆಚ್ಚುತ್ತದೆ, ಒಟ್ಟುಗೂಡುವ ಗದ್ದಲವೂ ಇಳಿಯುತ್ತದೆ.

ಆದರೆ ಕವಲಿಗೊಂದು ಫೈಬರ್ ಎಳೆ ಎಲ್ಲೆಡೆ ಇರಲಿಲ್ಲ. ಅದಕ್ಕೆ ಮೂರು ಉಪಾಯಗಳು ಬಂದವು. ಮೊದಲನೆಯದರಲ್ಲಿ ಪ್ರತಿ ಕವಲಿನ ಪಟ್ಟಿಯನ್ನು ಬೇರೆ ಬೇರೆ ಆವರ್ತನಕ್ಕೆ ಏರಿಸಿ, ಒಂದರ ಮೇಲೊಂದು ಜೋಡಿಸಿ, ಒಂದೇ ಲೇಸರಿನಲ್ಲಿ ಕಳಿಸಲಾಯಿತು. ಎರಡನೆಯದರಲ್ಲಿ ಪ್ರತಿ ಕವಲಿಗೂ ಬೇರೆ ತರಂಗಾಂತರದ ಬೆಳಕನ್ನು ಕೊಟ್ಟು, ಅವೆಲ್ಲವನ್ನೂ ಒಂದೇ ಎಳೆಯಲ್ಲಿ ಸಾಗಿಸಲಾಯಿತು. ಮೂರನೆಯದು ಡಿಜಿಟಲ್ ರಿಟರ್ನ್: ಸಂಕೇತವನ್ನು ನೋಡ್‌ನಲ್ಲೇ ಅಂಕಿಗಳಾಗಿಸಿ ಕಳಿಸುವುದು. ಅನಲಾಗ್ ಲೇಸರಿನ ಗುಣಮಟ್ಟ ದೂರ ಹೆಚ್ಚಿದಂತೆ ಕುಸಿಯುತ್ತಿತ್ತು. ಡಿಜಿಟಲ್ ವಿಧಾನ ಆ ತೊಡಕನ್ನು ಬಹುಮಟ್ಟಿಗೆ ನಿವಾರಿಸಿತು.

ಮುಂದಿನ ಹಂತ ಪಟ್ಟಿಯನ್ನೇ ಹಿಗ್ಗಿಸುವುದು. 2013ರ ಡಾಕ್ಸಿಸ್ 3.1 ಅಪ್‌ಸ್ಟ್ರೀಮ್‌ಗೆ 85 ಅಥವಾ 204 ಮೆಗಾಹರ್ಟ್ಸ್‌ವರೆಗೆ ಅವಕಾಶ ನೀಡಿತು. ಇದಕ್ಕೆ ನೋಡ್‌ನಲ್ಲೂ ಅದರಾಚೆಯ ಪ್ರತಿ ಆಂಪ್ಲಿಫೈಯರ್‌ನಲ್ಲೂ, ಎರಡು ದಿಕ್ಕುಗಳನ್ನು ಬೇರ್ಪಡಿಸುವ ಡಿಪ್ಲೆಕ್ಸ್ ಫಿಲ್ಟರ್ ಬದಲಾಗಬೇಕು. ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳಿಗೆ ಹೆಡ್‌ಎಂಡ್‌ನಿಂದ ಬರುವ ನಿಯಂತ್ರಣ ಸಂಕೇತ 70ರಿಂದ 130 ಮೆಗಾಹರ್ಟ್ಸ್ ನಡುವೆ ಇದ್ದದ್ದೂ ಈ ಬದಲಾವಣೆಯನ್ನು ತಡೆಯಿತು.

2015ರಲ್ಲಿ ಪ್ರಕಟವಾದ ರಿಮೋಟ್ ಫೈ ವಿವರಣೆ ನೋಡ್‌ನ ಸ್ವರೂಪವನ್ನೇ ಬದಲಿಸಿತು. ಹೆಡ್‌ಎಂಡ್‌ನಲ್ಲಿ ನಡೆಯುತ್ತಿದ್ದ ಮಾಡ್ಯುಲೇಷನ್ ಮತ್ತು ಡಿಮಾಡ್ಯುಲೇಷನ್, ಅಂದರೆ ಬಿಟ್‌ಗಳನ್ನು ರೇಡಿಯೊ ಸಂಕೇತವಾಗಿಸುವ ಮತ್ತು ಅದರಿಂದ ಮರಳಿ ಪಡೆಯುವ ಕೆಲಸ ನೋಡ್‌ಗೆ ವರ್ಗವಾಯಿತು. ಫೈಬರಿನಲ್ಲಿ ಈಗ ಸಾಗುವುದು 10 ಗಿಗಾಬಿಟ್ ಈಥರ್ನೆಟ್. ಅನಲಾಗ್ ಬೆಳಕಿನ ಕೊಂಡಿ ಕಳಚಿದ್ದರಿಂದ ಸಂಕೇತ ಹೆಚ್ಚು ಶುದ್ಧವಾಗಿ, ಅದೇ ಪಟ್ಟಿಯಲ್ಲಿ ಹೆಚ್ಚು ಬಿಟ್‌ಗಳನ್ನು ತುಂಬುವುದು ಸಾಧ್ಯವಾಯಿತು.

ನಂತರದ ಡಾಕ್ಸಿಸ್ 4.0 ಅಪ್‌ಸ್ಟ್ರೀಮ್ ಅನ್ನು 684 ಮೆಗಾಹರ್ಟ್ಸ್‌ವರೆಗೆ ಒಯ್ದು, ಸೆಕೆಂಡಿಗೆ 6 ಗಿಗಾಬಿಟ್ ವೇಗದ ಗುರಿ ಇಟ್ಟಿತು. ಅದಕ್ಕೆ ಎರಡು ದಾರಿಗಳಿವೆ. ಫುಲ್ ಡ್ಯುಪ್ಲೆಕ್ಸ್‌ನಲ್ಲಿ 108ರಿಂದ 684ರವರೆಗಿನ ಆವರ್ತನಗಳು ಎರಡೂ ದಿಕ್ಕಿಗೆ ಒಟ್ಟಿಗೇ ಬಳಕೆಯಾಗುತ್ತವೆ. ನೋಡ್ ತಾನೇ ಕಳಿಸಿದ ಸಂಕೇತದ ಪ್ರತಿಧ್ವನಿಯನ್ನು ಲೆಕ್ಕಹಾಕಿ ಅಳಿಸುತ್ತದೆ. ಇನ್ನೊಂದು ದಾರಿಯಲ್ಲಿ ದಿಕ್ಕುಗಳು ಬೇರೆಯಾಗಿಯೇ ಉಳಿದು, ಮನೆಗಳತ್ತ ಸಾಗುವ ಡೌನ್‌ಸ್ಟ್ರೀಮ್ ಸುಮಾರು 1.8 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಅಮೆರಿಕದ ಕೇಬಲ್ ಕಂಪನಿ ಕಾಮ್‌ಕಾಸ್ಟ್ 2023ರಲ್ಲಿ ಮೊದಲ ದಾರಿಯ ಸೇವೆ ಆರಂಭಿಸಿತು. ಅಲ್ಲಿನದೇ ಇನ್ನೊಂದು ಕಂಪನಿ ಚಾರ್ಟರ್ ಎರಡನೆಯದನ್ನು ಆರಿಸಿಕೊಂಡಿತು.

ಬೆಳಕನ್ನು ವಿದ್ಯುತ್ತಾಗಿಸುವ ಪೆಟ್ಟಿಗೆಯಾಗಿದ್ದ ನೋಡ್ ಹೀಗೆ ಹೆಡ್‌ಎಂಡ್‌ನ ಒಂದು ಪಾಲನ್ನೇ ಹೊತ್ತ ಯಂತ್ರವಾಗಿದೆ. ಆದರೂ ನೋಡ್‌ನಿಂದ ಮನೆಯವರೆಗಿನ ತಂತಿ ಹಳೆಯದೇ. ಅದರ ಕನೆಕ್ಟರುಗಳು ಬಿಗಿಯಾಗಿಲ್ಲದಿದ್ದರೆ ಹೊಸ ನೋಡ್‌ನ ಪೂರ್ಣ ಪ್ರಯೋಜನ ಗ್ರಾಹಕರಿಗೆ ಸಿಗುವುದಿಲ್ಲ.