ರಥವೇರಿ ಬಂದ ಅಥೀನಾ

ಕ್ರಿ.ಪೂ. 556ರ ಆಸುಪಾಸಿನಲ್ಲಿ ಒಂದು ದಿನ ಅಥೆನ್ಸ್ ನಗರದೊಳಕ್ಕೆ ಒಂದು ರಥ ಬಂತು. ರಥದಲ್ಲಿ ಕವಚ ತೊಟ್ಟು ನಿಂತಿದ್ದವಳು ಒಬ್ಬ ಎತ್ತರದ ಹೆಣ್ಣು. ರಥಕ್ಕಿಂತ ಮುಂದೆ ಓಡಿಬಂದ ಡಂಗುರದವರು ಬೀದಿಬೀದಿಯಲ್ಲಿ ಸಾರಿದ್ದು ಇಷ್ಟು: ಪಿಸಿಸ್ಟ್ರಾಟಸನನ್ನು ಸಂತೋಷದಿಂದ ಬರಮಾಡಿಕೊಳ್ಳಿ, ಸ್ವತಃ ಅಥೀನಾ ದೇವಿಯೇ ಅವನನ್ನು ತನ್ನ ಗುಡ್ಡಕ್ಕೆ ಕರೆದುಕೊಂಡು ಬರುತ್ತಿದ್ದಾಳೆ. ಸುದ್ದಿ ಸುತ್ತಲ ಹಳ್ಳಿಗಳಿಗೂ ಮುಟ್ಟಿತು. ಜನ ಆ ಹೆಣ್ಣನ್ನೇ ದೇವಿಯೆಂದು ನಂಬಿ ಕೈಮುಗಿದರು; ಹಿಂದೆ ತಾವೇ ಓಡಿಸಿದ್ದ ಸರ್ವಾಧಿಕಾರಿಯನ್ನು ಮತ್ತೆ ಊರೊಳಗೆ ಬಿಟ್ಟುಕೊಂಡರು.

ಈ ಪ್ರಸಂಗವನ್ನು ನಮಗೆ ಹೇಳಿದವನು ಹೆರೋಡೊಟಸ್, ಅದು ನಡೆದು ನೂರು ವರ್ಷಕ್ಕೂ ಹೆಚ್ಚು ಕಳೆದ ಮೇಲೆ. ಹೇಳುವಾಗ ಅವನಿಗೆ ಸಿಟ್ಟೇ ಬಂದಿದೆ. ಬೇರೆ ಜನಕ್ಕಿಂತ ಗ್ರೀಕರು ಚುರುಕು, ಗ್ರೀಕರಲ್ಲಿ ಅಥೆನ್ಸಿನವರು ಇನ್ನೂ ಚುರುಕು ಎಂದು ಹೆಸರಾಗಿತ್ತು. ಅಂಥವರು ಈ ಹುಡುಗಾಟಕ್ಕೆ ಮರುಳಾದರಲ್ಲ ಎಂಬುದು ಅವನ ಬೇಸರ. ಬೇಸರದಲ್ಲೂ ಅವನು ಅಳತೆ ಬಿಡುವುದಿಲ್ಲ. ಹೆಣ್ಣಿನ ಹೆಸರು ಫೂಯೆ, ಊರು ಪಯಾನಿಯ, ಎತ್ತರ ನಾಲ್ಕು ಮೊಳಕ್ಕೆ ಮೂರು ಬೆರಳು ಕಡಿಮೆ. ನಮ್ಮ ಲೆಕ್ಕದಲ್ಲಿ 5 ಅಡಿ 10 ಅಂಗುಲದ ಹತ್ತಿರ. ಗ್ರೀಕಿನಲ್ಲಿ ಫೂಯೆ ಎಂದರೆ ಮೈಕಟ್ಟು, ನಿಲುವು. ಹೆತ್ತವರು ಇಟ್ಟ ಹೆಸರೋ ಕಥೆ ಇಟ್ಟ ಹೆಸರೋ ಎಂದು ಅನುಮಾನ ಬರುವಷ್ಟು ಅದು ಒಪ್ಪುತ್ತದೆ.

ಇನ್ನೊಂದು ಸಾಕ್ಷಿ ಅರಿಸ್ಟಾಟಲನ ಶಾಲೆಯಿಂದ ಬಂದ, ಅಥೆನ್ಸಿನ ರಾಜ್ಯಪದ್ಧತಿಯನ್ನು ಕುರಿತ ಪುಸ್ತಕ. ಎಷ್ಟೋ ಶತಮಾನ ಕಳೆದುಹೋಗಿದ್ದ ಇದು ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ಸಿಕ್ಕಿ, 1891ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹೆರೋಡೊಟಸ್ ಹೇಳಿದ್ದನ್ನು ಹೇಳಿ, ಬೇರೆ ಕೆಲವರ ಮಾತನ್ನೂ ಅದು ಪಕ್ಕದಲ್ಲಿಡುತ್ತದೆ: ಫೂಯೆ ಪಯಾನಿಯದವಳಲ್ಲ, ಕೊಲ್ಲಿಟಸ್ ಎಂಬಲ್ಲಿ ಹೂಮಾಲೆ ಮಾರುತ್ತಿದ್ದ ಥ್ರೇಸ್ ದೇಶದವಳು. ಅಂದರೆ ಹೊಟ್ಟೆಪಾಡಿಗೆ ಬಂದ ಪರದೇಶದ ಹೂವಾಡಗಿತ್ತಿ. ಈ ಕಥೆಯನ್ನು ಉಳಿಸಿಕೊಟ್ಟ ಇಬ್ಬರೂ ಅಥೆನ್ಸಿಗೆ ಹೊರಗಿನವರೇ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಹೆರೋಡೊಟಸ್ ಹುಟ್ಟಿದ್ದು ಸಮುದ್ರದಾಚೆಯ ಹಾಲಿಕಾರ್ನಾಸಸ್‌ನಲ್ಲಿ, ಅರಿಸ್ಟಾಟಲ್ ಉತ್ತರದ ಸ್ಟಾಗಿರದಲ್ಲಿ.

ರಥದ ಹಿಂದಿನ ರಾಜಕೀಯ ಸರಳ. ಪಿಸಿಸ್ಟ್ರಾಟಸನನ್ನು ಓಡಿಸಿದ್ದ ಎರಡು ಪಕ್ಷಗಳಲ್ಲಿ ಒಂದರ ನಾಯಕ ಮೆಗಾಕ್ಲೀಸ್. ತನ್ನವರ ಜೊತೆಗೇ ಜಗಳವಾದಾಗ ಅವನು ಹಳೆಯ ಶತ್ರುವಿಗೆ ಹೇಳಿಕಳಿಸಿದ: ನನ್ನ ಮಗಳನ್ನು ಮದುವೆಯಾಗು, ಅಧಿಕಾರ ಕೊಡಿಸುತ್ತೇನೆ. ಮದುವೆಯೇನೋ ಆಯಿತು. ಪಿಸಿಸ್ಟ್ರಾಟಸನಿಗೆ ಆಗಲೇ ಬೆಳೆದ ಗಂಡುಮಕ್ಕಳಿದ್ದರು. ಮೆಗಾಕ್ಲೀಸನ ವಂಶಕ್ಕೆ ಶಾಪವಿದೆ ಎಂಬ ಮಾತೂ ಇತ್ತು. ಆದ್ದರಿಂದ ಹೊಸ ಹೆಂಡತಿಗೆ ಮಕ್ಕಳಾಗದಂತೆ ನಡೆದುಕೊಂಡ. ಹುಡುಗಿ ತಾಯಿಗೆ ಹೇಳಿದಳು, ತಾಯಿ ಗಂಡನಿಗೆ ಹೇಳಿದಳು, ಮೈತ್ರಿ ಮುರಿಯಿತು. ಪಿಸಿಸ್ಟ್ರಾಟಸ್ ಮತ್ತೆ ಊರು ಬಿಟ್ಟ. ಕ್ರಿ.ಪೂ. 546ರಲ್ಲಿ ಮೂರನೆಯ ಸಲ ಬಂದಾಗ ರಥವಿರಲಿಲ್ಲ, ಕೂಲಿ ಸೈನಿಕರಿದ್ದರು. ಕಾಳಗ ನಡೆದ ಜಾಗ ಪಲ್ಲೀನೆಯ ಅಥೀನಾ ಗುಡಿಯ ಬಳಿ.

ಜನ ನಿಜವಾಗಿ ಅಷ್ಟು ಮುಗ್ಧರಾಗಿದ್ದರೇ? 1987ರಲ್ಲಿ ಡಬ್ಲ್ಯೂ. ಆರ್. ಕಾನರ್ ಎಂಬ ಇತಿಹಾಸಕಾರರು ಈ ಪ್ರಶ್ನೆಯನ್ನೇ ತಿರುವಿಹಾಕಿದರು. ಅವರ ವಾದದಲ್ಲಿ ಇದು ಮೋಸವಲ್ಲ, ಮೆರವಣಿಗೆ. ಆಡುವವರಿಗೂ ನೋಡುವವರಿಗೂ ಇದು ವೇಷವೆಂದು ಗೊತ್ತಿತ್ತು, ಗೊತ್ತಿದ್ದೇ ಒಪ್ಪಿಕೊಂಡರು. ನನಗೆ ಈ ವಾದ ಹಿಡಿಸುತ್ತದೆ. ಯಕ್ಷಗಾನದಲ್ಲಿ ದೇವಿಯ ವೇಷ ರಂಗಕ್ಕೆ ಬಂದಾಗ ಕೈಮುಗಿಯುವ ನಮ್ಮ ಹಿರಿಯರಿಗೆ ಕಿರೀಟದ ಕೆಳಗಿರುವವರು ಯಾರೆಂದು ಗೊತ್ತಿರುವುದಿಲ್ಲವೇ? ಅದೇ ಕಾಲದ ಅಥೆನ್ಸಿನ ಹೂಜಿಗಳ ಮೇಲೆ, ವೀರ ಹೆರಾಕ್ಲೀಸನ ಜೊತೆ ಅಥೀನಾ ರಥದಲ್ಲಿರುವ ಚಿತ್ರಗಳು ಬಹಳ. ಅವಕ್ಕೂ ಪಿಸಿಸ್ಟ್ರಾಟಸನ ಪ್ರಚಾರಕ್ಕೂ ನಂಟಿದೆಯೆಂದು ಜಾನ್ ಬೋರ್ಡ್‌ಮನ್ 1972ರಲ್ಲಿ ವಾದಿಸಿದ್ದರು. ಎಲ್ಲರೂ ಒಪ್ಪಿಲ್ಲ. ಆದರೆ ದೇವಿ ಒಬ್ಬ ವೀರನನ್ನು ರಥದಲ್ಲಿ ಕರೆತರುವುದು ಆ ಜನರ ಕಣ್ಣಿಗೆ ಹೊಸದಾಗಿರಲಿಲ್ಲ ಎಂಬಷ್ಟು ಖಚಿತ.

ಅದೂ ಅಲ್ಲದೆ, ಮನುಷ್ಯರ ಮುಂದೆ ಅಥೀನಾ ತನ್ನ ಸ್ವಂತ ರೂಪದಲ್ಲಿ ಬರುವುದೇ ಅಪರೂಪ. ಇಲಿಯಡ್‌ನ ಮೊದಲಲ್ಲಿ ದೊರೆಯ ಮೇಲೆ ಕತ್ತಿ ಹಿರಿಯಹೊರಟ ಅಕಿಲೀಸನನ್ನು ಹಿಂದಿನಿಂದ ಬಂದು ಕೂದಲು ಹಿಡಿದು ನಿಲ್ಲಿಸುತ್ತಾಳೆ. ಅವನಿಗೊಬ್ಬನಿಗೆ ಕಾಣುತ್ತಾಳೆ, ಪಕ್ಕದಲ್ಲಿರುವವರಿಗೆ ಕಾಣುವುದಿಲ್ಲ. ಕೊನೆಯ ಹೊತ್ತಿಗೆ ಹೆಕ್ಟರನ ಬಳಿ ಅವನ ತಮ್ಮ ಡೇಫೋಬಸನ ರೂಪದಲ್ಲಿ ಬಂದು, ನಾನಿದ್ದೇನೆ, ನಿಂತು ಕಾದು ಎನ್ನುತ್ತಾಳೆ. ಹೆಕ್ಟರ್ ಈಟಿ ಎಸೆದು, ಇನ್ನೊಂದು ಈಟಿಗೆ ತಮ್ಮನ ಕಡೆ ತಿರುಗುತ್ತಾನೆ. ಅಲ್ಲಿ ಯಾರೂ ಇಲ್ಲ. ದೇವಿಯ ಈ ಕೆಲಸವನ್ನು ನಾನು ಎಷ್ಟು ಸಲ ಓದಿದರೂ ಕ್ಷಮಿಸಲಾಗಿಲ್ಲ. ಒಡಿಸ್ಸಿಯಲ್ಲಿ ಹುಡುಗ ಟೆಲಿಮಾಕಸನಿಗೆ ದಾರಿ ತೋರಲು ಅವಳು ತೊಡುವ ವೇಷಗಳಲ್ಲಿ ಒಂದು ಮೆಂಟರ್ ಎಂಬ ಮುದುಕನದು. ಆಫೀಸಿನಲ್ಲಿ ಹೊಸಬರಿಗೆ ಮೆಂಟರ್ ಒಬ್ಬರನ್ನು ನೇಮಿಸುತ್ತಾರಲ್ಲ, ಆ ಪದ ಬಂದದ್ದು ಇವನ ಹೆಸರಿನಿಂದ. ಹೋಮರನ ಕಾವ್ಯದಲ್ಲಿ ನಿಜವಾದ ಮೆಂಟರ್ ಮಾಡಿದ್ದು ಬಲು ಕಡಿಮೆ. ಕೆಲಸವೆಲ್ಲ ಅವನ ವೇಷದೊಳಗಿದ್ದ ದೇವಿಯದು.

ಒಡಿಸ್ಸಿಯಸ್ ಇಥಾಕಾಕ್ಕೆ ಬಂದಿಳಿಯುವ ಭಾಗ ಈ ಎಲ್ಲಕ್ಕಿಂತ ಸೊಗಸು. ಇಪ್ಪತ್ತು ವರ್ಷ ಹೊರಗಿದ್ದವನನ್ನು ನಾವಿಕರು ನಿದ್ದೆಯಲ್ಲೇ ದಂಡೆಯ ಮೇಲೆ ಮಲಗಿಸಿ ಹೋಗಿದ್ದಾರೆ. ಎದ್ದು ನೋಡಿದರೆ ಮಂಜು ಕವಿದಿದೆ, ಸ್ವಂತ ಊರೇ ಗುರುತು ಸಿಗುತ್ತಿಲ್ಲ. ಮೊದಲು ಮಾಡುವ ಕೆಲಸ ಸಾಮಾನು ಎಣಿಸುವುದು. ಮಂಜು ಕವಿಸಿದವಳು ಅಥೀನಾ. ಕುರಿ ಕಾಯುವ ಹುಡುಗನಾಗಿ ಬಂದು, ಇದು ಇಥಾಕಾ ಎಂದು ಅವಳೇ ಹೇಳುತ್ತಾಳೆ. ಒಳಗೊಳಗೇ ಹಿಗ್ಗಿದರೂ ಅವನು ಬಾಯಿ ಬಿಡುವುದಿಲ್ಲ: ತಾನು ಕ್ರೀಟ್‌ನವನು, ಅಲ್ಲೊಂದು ಕೊಲೆ ಮಾಡಿ ತಪ್ಪಿಸಿಕೊಂಡು ಬಂದವನು ಎಂದು ನಿಂತ ನಿಲುವಿನಲ್ಲೇ ಒಂದು ಕಥೆ ಕಟ್ಟುತ್ತಾನೆ. ದೇವಿಗೆ ಸಿಟ್ಟು ಬರಬೇಕಿತ್ತು. ಅವಳು ನಕ್ಕು, ಮೈದಡವಿ, ಹೆಣ್ಣಾಗಿ ನಿಲ್ಲುತ್ತಾಳೆ. ನಿನ್ನನ್ನು ಮೀರಿಸಬೇಕಾದರೆ ದೇವರೂ ಕಳ್ಳನಾಗಬೇಕು ಎಂಬ ಅರ್ಥದ ಮಾತು ಅವಳದು. ಮನುಷ್ಯರಲ್ಲಿ ನೀನು, ದೇವತೆಗಳಲ್ಲಿ ನಾನು. ಇಬ್ಬರದೂ ಒಂದೇ ಬುದ್ಧಿ.

ಆಗ ಅವನು ದೂರು ತೆಗೆಯುತ್ತಾನೆ: ಟ್ರಾಯ್ ಬಿಟ್ಟ ಮೇಲೆ ನನ್ನ ಹಡಗಿನಲ್ಲಿ ನಿನ್ನನ್ನು ಕಾಣಲೇ ಇಲ್ಲವಲ್ಲ? ಅವಳ ಉತ್ತರ ಮನೆತನದ ಹೆಣ್ಣುಮಗಳದು. ಪೊಸೈಡನ್ ನನ್ನ ಅಪ್ಪನ ಸೋದರ, ಅವನ ಜೊತೆ ಜಗಳ ಬೇಡವೆನಿಸಿತು. ಆಮೇಲೆ ಇಬ್ಬರೂ ಆಲಿವ್ ಮರದಡಿ ಕೂತು, ಮನೆಯಲ್ಲಿ ಬೀಡುಬಿಟ್ಟಿರುವವರನ್ನು ಕೊಲ್ಲುವುದು ಹೇಗೆಂದು ಯೋಚಿಸುತ್ತಾರೆ.

ಅವಳಿಗೆ ಬೇಡವಾದವನ ಗತಿ ಏನೆಂದು ತಿಳಿಯಲು ಸೊಫೊಕ್ಲೀಸನ ‘ಏಜಾಕ್ಸ್’ ನಾಟಕ ನೋಡಬೇಕು. ಬಿ.ಎಂ.ಶ್ರೀ. ಗ್ರೀಕ್ ರುದ್ರನಾಟಕವನ್ನು ಕನ್ನಡದ ಮೈಗೆ ಒಗ್ಗಿಸಲು ಆರಿಸಿದ್ದು ಇದನ್ನೇ. ಏಜಾಕ್ಸನ ಜಾಗದಲ್ಲಿ ಮಹಾಭಾರತದ ವೀರನನ್ನು ನಿಲ್ಲಿಸಿದ ಅವರ ‘ಅಶ್ವತ್ಥಾಮನ್’ ಬಂದದ್ದು 1929ರಲ್ಲಿ. ಇಬ್ಬರೂ ಅವಮಾನ ನುಂಗಲಾರದೆ ರಾತ್ರಿ ಕತ್ತಿ ಹಿಡಿದು ಹೊರಟವರು. ವ್ಯಾಸರ ಅಶ್ವತ್ಥಾಮನಿಗೆ ಆ ರಾತ್ರಿ ಶಿವನ ಬಲ ಸಿಗುತ್ತದೆ. ಏಜಾಕ್ಸನ ಬುದ್ಧಿಯನ್ನು ಅಥೀನಾ ಕೆಡಿಸುತ್ತಾಳೆ. ಸೇನಾಪತಿಗಳನ್ನು ಕಡಿಯುತ್ತಿದ್ದೇನೆ ಎಂದುಕೊಂಡು ಅವನು ದನಕುರಿಗಳನ್ನು ಕಡಿಯುತ್ತಾನೆ. ಅವನ ಅಪರಾಧ ಹಳೆಯದು. ದೇವರ ನೆರವಿನಿಂದ ಗೆಲ್ಲು ಎಂದ ತಂದೆಗೆ, ದೇವರಿದ್ದರೆ ಕೈಲಾಗದವನೂ ಗೆಲ್ಲುತ್ತಾನೆ, ನಾನು ಇಲ್ಲದೆಯೇ ಗೆಲ್ಲುತ್ತೇನೆ ಎಂದಿದ್ದ. ಯುದ್ಧದಲ್ಲಿ ಬೆನ್ನಿಗೆ ನಿಂತ ಅಥೀನಾಳಿಗೇ, ನೀನು ಬೇರೆಯವರ ಹತ್ತಿರ ಹೋಗಿ ನಿಲ್ಲು ಎಂದಿದ್ದ.

ನಾಟಕದ ಮೊದಲಲ್ಲೇ ದೇವಿ ಒಡಿಸ್ಸಿಯಸನನ್ನು ಕರೆದು ಹುಚ್ಚು ಹಿಡಿದವನನ್ನು ತೋರಿಸುತ್ತಾಳೆ. ಶತ್ರುವನ್ನು ನೋಡಿ ನಗುವುದಕ್ಕಿಂತ ಸುಖವುಂಟೇ ಎಂಬುದು ಅವಳ ಪ್ರಶ್ನೆ. ಒಡಿಸ್ಸಿಯಸ್ ನಗುವುದಿಲ್ಲ. ವೈರಿಯಾದರೂ ಅವನ ಪಾಡು ನೋಡಿ ಮರುಗುತ್ತಾನೆ, ಆ ಪಾಡಿನಲ್ಲಿ ತನ್ನದನ್ನೂ ಕಾಣುತ್ತಾನೆ. ದೇವಿಯ ಅಚ್ಚುಮೆಚ್ಚಿನವನು ದೇವಿಗಿಂತ ದೊಡ್ಡವನಾಗಿ ಕಾಣುವ ಗಳಿಗೆ ಇದು. ದೇವರನ್ನು ಹೀಗೆ ತೋರಿಸಿದ ನಾಟಕವನ್ನು ಅಥೀನಾಳ ನಗರದ ನಾಟಕಕಾರನೇ ಬರೆದ.

ಆ ನಗರ ಏಜಾಕ್ಸನನ್ನು ಕೈಬಿಡಲೂ ಇಲ್ಲ. ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ಥೆನೀಸ್, ಅಂದರೆ ರಥದ ನಾಟಕ ಹೂಡಿದ ಅದೇ ಮೆಗಾಕ್ಲೀಸನ ಮಗ, ನಾಗರಿಕರನ್ನು ಹತ್ತು ಬಣಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಬ್ಬ ವೀರನ ಹೆಸರಿಟ್ಟ. ಒಂಬತ್ತು ಜನ ಆ ಮಣ್ಣಿನವರು. ಹತ್ತನೆಯವನು ಸಲಾಮಿಸ್ ದ್ವೀಪದ ಏಜಾಕ್ಸ್. ಹೊರಗಿನವನಾದರೂ ನೆರೆಯವನು, ಯುದ್ಧದಲ್ಲಿ ಜೊತೆಗಿದ್ದವನು ಎಂಬ ಕಾರಣವನ್ನು ಹೆರೋಡೊಟಸ್ ಕೊಡುತ್ತಾನೆ.

ಸತ್ತ ವೀರನಿಗೆ ಸಿಕ್ಕ ಈ ಔದಾರ್ಯ ಬದುಕಿರುವ ಪರಊರಿನವರಿಗೆ ಸಿಗಲಿಲ್ಲ. 5ನೆಯ ಶತಮಾನದ ಅಥೆನ್ಸಿನಲ್ಲಿ ನೆಲೆಸಿದ ಹೊರಗಿನವರಿಗೆ ಮೆಟಿಕ್ ಎಂದು ಹೆಸರು. ಗಂಡಸಿಗೆ ವರ್ಷಕ್ಕೆ 12 ದ್ರಾಕ್ಮಾ ತಲೆಗಂದಾಯ, ಒಂಟಿ ಹೆಂಗಸಿಗೆ 6. ಜಾಮೀನಿಗೆ ಊರಿನವನೊಬ್ಬ ಬೇಕು. ನೆಲವನ್ನಾಗಲಿ ಮನೆಯನ್ನಾಗಲಿ ಕೊಳ್ಳುವಂತಿಲ್ಲ. ಎಷ್ಟು ತಲೆಮಾರಾದರೂ ಬಾಡಿಗೆ ಮನೆ. ಕ್ರಿ.ಪೂ. 451ರಲ್ಲಿ ಪೆರಿಕ್ಲೀಸ್ ತಂದ ಕಾನೂನಿನ ಮೇಲೆ, ತಂದೆತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಮಗ ನಾಗರಿಕ. ಅಥೀನಾಳ ದೊಡ್ಡ ಹಬ್ಬ ಪಾನಥೆನಾಯದ ಮೆರವಣಿಗೆಯಲ್ಲಿ ಮಾತ್ರ ಇವರಿಗೂ ಜಾಗವಿತ್ತು. ಗಂಡಸರು ಕೆನ್ನೀಲಿ ಮೇಲುಹೊದಿಕೆ ಹೊದ್ದು ನೈವೇದ್ಯದ ಹರಿವಾಣ ಹೊರಬೇಕು. ಅವರ ಹೆಣ್ಣುಮಕ್ಕಳು ಊರಿನ ಹೆಣ್ಣುಮಕ್ಕಳಿಗೆ ಕೊಡೆ ಹಿಡಿಯಬೇಕು. ಇದನ್ನು ಗೌರವವೆನ್ನಬೇಕೋ ಗುರುತಿನ ಚೀಟಿಯೆನ್ನಬೇಕೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಹಾಸ್ಯನಾಟಕಕಾರರಂತೂ ಅವರಿಗೆ ‘ಹರಿವಾಣ’ ಎಂದೇ ಅಡ್ಡಹೆಸರಿಟ್ಟಿದ್ದರು.

ಊರಿನ ಹೆಂಗಸರ ಕಥೆಯೂ ಬೇರೆಯಲ್ಲ. ರೋಮಿನ ವಾರ್ರೋ ಹೇಳಿದ್ದೆಂದು ಸಂತ ಅಗಸ್ಟೀನ್ ಒಂದು ಐತಿಹ್ಯ ಉಳಿಸಿದ್ದಾನೆ. ನಗರಕ್ಕೆ ಪೊಸೈಡನ್ನನ ಹೆಸರೋ ಅಥೀನಾಳ ಹೆಸರೋ ಎಂದು ಮತ ಹಾಕಿದಾಗ ಗಂಡಸರೆಲ್ಲ ಅವನ ಕಡೆ, ಹೆಂಗಸರೆಲ್ಲ ಇವಳ ಕಡೆ. ಹೆಂಗಸರು ಒಬ್ಬರು ಹೆಚ್ಚಿದ್ದರು, ದೇವಿ ಗೆದ್ದಳು. ಸೋತ ಪೊಸೈಡನ್ ಸಮುದ್ರ ಉಕ್ಕಿಸಿದ. ಅವನನ್ನು ಸಮಾಧಾನಪಡಿಸಲು ಗಂಡಸರು ಹೆಂಗಸರಿಗೆ ಮೂರು ಶಿಕ್ಷೆ ಕೊಟ್ಟರು: ಇನ್ನು ಮತವಿಲ್ಲ, ಮಕ್ಕಳಿಗೆ ತಾಯಿಯ ಹೆಸರಿಲ್ಲ, ಅವರನ್ನು ಅಥೆನ್ಸಿನವರೆಂದು ಕರೆಯುವಂತಿಲ್ಲ. ಗೆಲ್ಲಿಸಿದವರ ಪರವಾಗಿ ದೇವಿ ಒಂದು ಮಾತೂ ಆಡಿದಂತಿಲ್ಲ. ಎಸ್ಕಿಲಸ್ ಕ್ರಿ.ಪೂ. 458ರಲ್ಲಿ ಆಡಿಸಿದ ನಾಟಕದಲ್ಲಿ, ತಾಯಿಯನ್ನು ಕೊಂದ ಒರೆಸ್ಟೀಸನ ಪರ ಮತ ಹಾಕಿ ಅವನನ್ನು ಬಿಡಿಸುವವಳೂ ಅವಳೇ. ತನ್ನನ್ನು ಯಾವ ತಾಯಿಯೂ ಹೆತ್ತಿಲ್ಲ, ತಾನು ತಂದೆಯ ಕಡೆಯವಳು ಎಂಬುದೇ ಅವಳ ಕಾರಣ.

ಫೂಯೆ ರಥದಿಂದ ಇಳಿದ ಮೇಲೆ ಏನಾದಳೆಂದು ಹೆರೋಡೊಟಸ್ ಹೇಳುವುದಿಲ್ಲ. ಕ್ಲೀಡೆಮಸ್ ಎಂಬ ಅಥೆನ್ಸಿನ ಇತಿಹಾಸಕಾರನ ಪ್ರಕಾರ ಪಿಸಿಸ್ಟ್ರಾಟಸ್ ಅವಳನ್ನು ತನ್ನ ಮಗ ಹಿಪಾರ್ಕಸನಿಗೆ ತಂದುಕೊಂಡ. ಈ ಹಿಪಾರ್ಕಸನ ಕೊನೆ ಎಲ್ಲರಿಗೂ ಗೊತ್ತಿದ್ದದ್ದೇ. ಹಾರ್ಮೋಡಿಯಸ್ ಎಂಬ ತರುಣ ತನಗೆ ಒಲಿಯದಿದ್ದಾಗ, ಅವನ ತಂಗಿಯನ್ನು ಮೆರವಣಿಗೆಯಲ್ಲಿ ಬುಟ್ಟಿ ಹೊರಲು ಕರೆಸಿ, ನಿನಗೆ ಆ ಯೋಗ್ಯತೆಯಿಲ್ಲ ಎಂದು ಎಲ್ಲರೆದುರು ವಾಪಸು ಕಳಿಸಲಾಯಿತು. ಹಾರ್ಮೋಡಿಯಸನೂ ಅವನ ಗೆಳೆಯ ಅರಿಸ್ಟೋಗೈಟನ್ನನೂ ಪಾನಥೆನಾಯ ಬರುವವರೆಗೆ ಕಾದರು. ಜನ ಆಯುಧ ಹಿಡಿದು ಸೇರಿದರೂ ಅನುಮಾನ ಬಾರದ ದಿನ ಅದೊಂದೇ ಎಂದು ಥುಸಿಡಿಡೀಸ್ ಬರೆಯುತ್ತಾನೆ. ಕ್ರಿ.ಪೂ. 514ರ ಆ ಹಬ್ಬದಲ್ಲಿ ಅಥೀನಾಳ ಮೆರವಣಿಗೆಯನ್ನು ಸಾಲುಗೂಡಿಸುತ್ತಿದ್ದ ಹಿಪಾರ್ಕಸನನ್ನು ಅವರು ಲಿಯೋಕೋರಿಯನ್ ಗುಡಿಯ ಹತ್ತಿರ ಇರಿದು ಕೊಂದರು. ಫೂಯೆ ಆಗ ಬದುಕಿದ್ದರೆ ಅರವತ್ತರ ಆಸುಪಾಸಿನಲ್ಲಿ ಇದ್ದಿರಬೇಕು.