ಎಥಿಲ್ ಎಂಬ ಕೆಂಪು ಪೆಟ್ರೋಲ್

1923ರ ಫೆಬ್ರವರಿಯಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನ ಬಂಕ್ ಒಂದರಲ್ಲಿ ಹೊಸ ಬಗೆಯ ಪೆಟ್ರೋಲ್ ಮಾರಾಟಕ್ಕೆ ಬಂತು. ಹೆಸರು ಎಥಿಲ್. ಮಾಮೂಲಿ ಪೆಟ್ರೋಲಿನಿಂದ ಬೇರೆ ಎಂದು ಗೊತ್ತಾಗಲು ಅದಕ್ಕೆ ಕೆಂಪು ಬಣ್ಣ ಹಾಕುತ್ತಿದ್ದರು. ಇಂದು ದುಬಾರಿ ಕಾರಿನ ಒಡೆಯ ಬಂಕಿನಲ್ಲಿ ನಿಂತು ‘ಪ್ರೀಮಿಯಂ ಹಾಕಿಸಲೇ, ಸಾದಾ ಸಾಕೇ’ ಎಂದು ಯೋಚಿಸುವುದರ ಮೂಲ ಅಲ್ಲಿದೆ.

ಕತೆ ಶುರುವಾದದ್ದೂ ಒಂದು ದುಬಾರಿ ಕಾರಿನಿಂದಲೇ. 1912ರ ಕ್ಯಾಡಿಲಾಕ್‌ಗೆ ಇಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಸೆಲ್ಫ್ ಸ್ಟಾರ್ಟರ್ ಕೂಡಿಸಿಕೊಟ್ಟಿದ್ದ. ಇಂಜಿನ್ ಟಕಟಕ ಸದ್ದು ಮಾಡತೊಡಗಿದಾಗ ಜನ ಅವನ ಬ್ಯಾಟರಿ ಇಗ್ನಿಷನ್ನನ್ನು ದೂರಿದರು. ನಮ್ಮ ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುವುದು ಇದನ್ನೇ: ಪ್ಲಗ್ಗಿನ ಕಿಡಿ ಹೊತ್ತಿಸಿದ ಬೆಂಕಿ ಸಿಲಿಂಡರಿನ ಆ ತುದಿ ಮುಟ್ಟುವ ಮೊದಲೇ, ಒತ್ತಡಕ್ಕೆ ಸಿಕ್ಕ ಉಳಿದ ಪೆಟ್ರೋಲ್ ಆವಿ ತಾನಾಗಿ ಸಿಡಿಯುತ್ತದೆ. ತಪ್ಪು ಇಗ್ನಿಷನ್ನಿನದಲ್ಲ, ಪೆಟ್ರೋಲಿನದು ಎಂದು ತೋರಿಸುವ ಹೊಣೆ ಅವನ ಕೈಕೆಳಗಿನ ಇಂಜಿನಿಯರ್ ಥಾಮಸ್ ಮಿಡ್ಜ್ಲಿಯ ಹೆಗಲೇರಿತು.

ಹಿಮ ಕರಗುವ ಮುನ್ನವೇ ಹೂಬಿಡುವ ಕಾಡುಗಿಡವೊಂದು ಕೆಟರಿಂಗ್ ಮತ್ತು ಮಿಡ್ಜ್ಲಿಗೆ ಹೊಳೆಯಿತು. ಅದರ ಎಲೆಯ ಹಿಂಬದಿ ಕೆಂಪು. ಕೆಂಪು ಬಣ್ಣ ಶಾಖ ಹೀರುವುದರಿಂದಲೇ ಗಿಡ ಬೇಗ ಅರಳುವುದಾದರೆ, ಪೆಟ್ರೋಲಿಗೂ ಬಣ್ಣ ಕಟ್ಟಿದರೆ ಹೇಗೆ? ಕೈಗೆ ಸಿಕ್ಕ ಅಯೋಡಿನ್ ಬೆರೆಸಿದರು. ಸದ್ದು ನಿಂತಿತು! ಬೇರೆ ಬಣ್ಣಗಳನ್ನು ಹಾಕಿ ನೋಡಿದಾಗ ಏನೂ ಆಗಲಿಲ್ಲ. ಊಹೆ ತಪ್ಪು, ಫಲ ಸರಿ. ಅಲ್ಲಿಂದ ವರ್ಷಗಟ್ಟಲೆ ಒಂದಾದ ಮೇಲೊಂದು ರಾಸಾಯನಿಕ ಪರೀಕ್ಷಿಸುತ್ತ ಹೋಗಿ, 1921ರ ಡಿಸೆಂಬರಿನಲ್ಲಿ ಟೆಟ್ರಾಎಥಿಲ್ ಸೀಸಕ್ಕೆ ಬಂದು ಮುಟ್ಟಿದರು.

ಅದನ್ನು ಬೆರೆಸಿದ ಪೆಟ್ರೋಲಿಗೆ ಎಥಿಲ್ ಎಂದಷ್ಟೇ ಹೆಸರಿಟ್ಟು, ‘ಸೀಸ’ ಎಂಬ ಮಾತನ್ನೇ ಕೈಬಿಟ್ಟರು. ಇದನ್ನು ಸಣ್ಣ ಜಾಣತನವೆಂದು ಬಿಡಲಾಗದು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಟೆಟ್ರಾಎಥಿಲ್ ಸೀಸದ ದ್ರವ ತಯಾರಿಸುತ್ತಿದ್ದ ಐವರು ಕೆಲಸಗಾರರು ಸೀಸದ ವಿಷವೇರಿ, ಬುದ್ಧಿ ಕದಡಿ ಸತ್ತರು. ಅದೇ ತಿಂಗಳ ಕೊನೆಗೆ ಮಿಡ್ಜ್ಲಿ ಪತ್ರಕರ್ತರೆದುರು ಅದೇ ದ್ರವದಲ್ಲಿ ಕೈತೊಳೆದು, ಮೂಸಿ ತೋರಿಸಿದ. ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1925ರಲ್ಲಿ ಕೊಟ್ಟ ಎಚ್ಚರಿಕೆಯನ್ನು ಕೇಳಿದ್ದರೆ ಕಾರಿನ ಹೊಗೆಯ ಮೂಲಕ ಎಷ್ಟೋ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತಿರಲಿಲ್ಲ. ಕೆಲಕಾಲ ನಿಂತಿದ್ದ ಮಾರಾಟ 1926ರಲ್ಲಿ ಮತ್ತೆ ಶುರುವಾಯಿತು. ಭಾರತದ ಬಂಕುಗಳಿಂದ ಸೀಸ ಪೂರ್ತಿ ಹೊರಟದ್ದು 2000ದಲ್ಲಿ.

ಅದೇ 1926ರಲ್ಲಿ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ಆಕ್ಟೇನ್ ಮಾಪನ ರೂಪಿಸಿದ. ಬೇಗ ಸಿಡಿಯುವ ಹೆಪ್ಟೇನಿಗೆ 0, ತಡೆದುಕೊಳ್ಳುವ ಐಸೊಆಕ್ಟೇನಿಗೆ 100. ಅಂದರೆ ಆ ಅಂಕಿ ಪೆಟ್ರೋಲಿನ ಕಸುವನ್ನು ಹೇಳುವುದಿಲ್ಲ; ಸಿಡಿಯದೆ ಎಷ್ಟು ಒತ್ತಡ ತಾಳುತ್ತದೆ ಎಂಬುದನ್ನಷ್ಟೇ ಹೇಳುತ್ತದೆ.

1959ರ ಕ್ಯಾಡಿಲಾಕ್ ಇಂಜಿನ್ ಗಾಳಿ-ಪೆಟ್ರೋಲನ್ನು ಹತ್ತೂವರೆ ಪಟ್ಟು ಅದುಮುತ್ತಿತ್ತು. ಅದಕ್ಕೆ ಪ್ರೀಮಿಯಂ, ಅಂದರೆ ಹೆಚ್ಚು ಆಕ್ಟೇನಿನ ಪೆಟ್ರೋಲ್, ಬೇಕೇ ಬೇಕಿತ್ತು. ಆದರೆ 1971ರಲ್ಲಿ, ಸೀಸವಿಲ್ಲದ ಪೆಟ್ರೋಲಿಗೆ ದಾರಿ ಮಾಡಲು ಜನರಲ್ ಮೋಟರ್ಸ್ ಇಂಜಿನ್‌ಗಳ ಒತ್ತಡ ಇಳಿಸಿದಾಗ, ಅಷ್ಟು ವೈಭವದ ಕಾರೂ ಸಾದಾ ಪೆಟ್ರೋಲಿನಲ್ಲಿ ಓಡಿತು. ಕಾರಿನ ಬೆಲೆಗೂ ಪೆಟ್ರೋಲಿನ ದರ್ಜೆಗೂ ನಂಟಿಲ್ಲವೆನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮುಂದೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಬಂದು ಒತ್ತಡ ಮತ್ತೆ ಏರಿತು. ಜೊತೆಗೇ ಬಂದ ನಾಕ್ ಸೆನ್ಸರ್ ಸದ್ದು ಹಿಡಿದು ಕಿಡಿಯನ್ನು ತುಸು ತಡಮಾಡುತ್ತದೆ. ಕಡಿಮೆ ಆಕ್ಟೇನಿನಲ್ಲಿ ಶಕ್ತಿ ಕೊಂಚ ಕುಗ್ಗಿದರೂ ಇಂಜಿನ್ ಉಳಿಯುತ್ತದೆ.

ಹಾಗಾಗಿ ಕೈಪಿಡಿಯಲ್ಲಿ ಪ್ರೀಮಿಯಂ ‘ಕಡ್ಡಾಯ’ ಎಂದಿದೆಯೋ, ‘ಶಿಫಾರಸು’ ಎಂದಿದೆಯೋ ಎಂಬುದನ್ನು ಮೊದಲು ನೋಡಬೇಕು. ಸಾದಾ ಪೆಟ್ರೋಲ್ ಸಾಕಾಗುವ ಕಾರುಗಳಿಗೆ ಪ್ರೀಮಿಯಂ ಹಾಕಿಸಿ ಅಮೆರಿಕನ್ನರು ಒಂದೇ ವರ್ಷದಲ್ಲಿ 210 ಕೋಟಿ ಡಾಲರ್ ಕಳೆದಿದ್ದಾರೆ ಎಂದು ಅಲ್ಲಿನ ವಾಹನ ಸವಾರರ ಸಂಘ ಎಎಎ 2016ರಲ್ಲಿ ಲೆಕ್ಕ ಹಾಕಿತ್ತು. ಅಲ್ಲಿನ ಅಂಕಿ ಓದುವಾಗಲೂ ಎಚ್ಚರ ಬೇಕು. ಅಳೆಯುವ ರೀತಿಯೇ ಬೇರೆಯಾದ್ದರಿಂದ ಅಮೆರಿಕದ 87, ಭಾರತದ ಅಳತೆಯ 91ಕ್ಕೆ ಹೆಚ್ಚುಕಡಿಮೆ ಸಮ; ಅಲ್ಲಿನ 91 ಇಲ್ಲಿನ 95.